ಟರ್ಬೋ ಗಾಡಿಗೆ ಸಾದಾ ಹೆಡ್ಡು

ಬಾಗಿಲಲ್ಲಿ ತಮ್ಮ ಬಂದು ನಿಂತಾಗ ಅಕ್ಕ ಪಂಪಿನ ವಾಲ್ವ್ ಉಜ್ಜುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಹೆಜ್ಜೆಯ ಸದ್ದಿಗೇ ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಊರಿನ ಗ್ಯಾರೇಜುಗಳೆಲ್ಲ ಒಂದು ಕಾಲದಲ್ಲಿ ಸಿಲಿಂಡರ್ ಹೆಡ್ ಕೆಲಸವನ್ನು ಅವಳಿಗೇ ಕೊಡುತ್ತಿದ್ದವು. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಆ ಭಾರದ ವಸ್ತುವನ್ನು ಮಟ್ಟಸ ಮಾಡಿ, ಗಾಳಿಯೂ ನುಸುಳದಂತೆ ವಾಲ್ವ್ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಿಚ್ಚುವುದು, ಕಟ್ಟುವುದು, ಗಿರಾಕಿಗಳಿಗೆ ಬೆಣ್ಣೆ ಹಚ್ಚುವುದು ತಮ್ಮನ ಪಾಲು. ಒಂದು ಸಲ ಈ ಮಹಾಶಯ ಫೋನಿನಲ್ಲಿ ಹರಟುತ್ತ ಹೆಡ್ಡಿನ ಬೋಲ್ಟುಗಳನ್ನು ಪೂರ್ತಿ ಬಿಗಿಯುವುದನ್ನೇ ಮರೆತ. ಆ ಟ್ಯಾಕ್ಸಿ ನಡುದಾರಿಯಲ್ಲಿ ಕೆಟ್ಟು ಕೂತಿತು. ಕೇಳಿದವರಿಗೆಲ್ಲ ಅವನು ಒಂಚೂರೂ ತಡವರಿಸದೆ, "ಹೆಡ್ ಅಕ್ಕನ ಕೆಲಸ. ಅವಳ ಕೈ ಮೊದಲಿನ ಹಾಗಿಲ್ಲ" ಅಂದುಬಿಟ್ಟ. ನಗುಮುಖದವರ ಮಾತನ್ನು ಜನ ಬೇಗ ನಂಬುತ್ತಾರೆ. ಗ್ಯಾರೇಜಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. ದೊಡ್ಡ ರಸ್ತೆಯಲ್ಲಿ ತಮ್ಮ ಬೇರೆ ಅಂಗಡಿ ಹಾಕಿದ. ಅವಳಿಗೆ ಉಳಿದದ್ದು ನೀರಿನ ಪಂಪುಗಳ ರಿಪೇರಿ.

"ಅಕ್ಕಾ, ಗುಡ್ಡದ ರೇಸಿಗೆ ಟರ್ಬೋ ಗಾಡಿ ಕಟ್ತಿದೀನಿ. ಹೆಡ್ ಬಿರುಕು ಬಿಟ್ಟಿದೆ. ನಿನ್ನ ಬಿಟ್ರೆ ಯಾರಿಗೂ ಆಗಲ್ಲ."

"ನನ್ನ ಕೈ ಮೊದಲಿನ ಹಾಗಿಲ್ವಲ್ಲಪ್ಪ."

"ಅಯ್ಯೋ, ಅದನ್ನೇ ಇನ್ನೂ ಹಿಡ್ಕೊಂಡು ಕೂತಿದೀಯಾ? ಬಿಡಕ್ಕ" ಎಂದು ನಕ್ಕ.

ಆ ನಗುವೇ ಅವನಿಗೆ ಮುಳುವಾಯಿತು. "ಇಟ್ಟು ಹೋಗು" ಅಂದಳು.

ಹಿಂದಿನ ಕೊಟ್ಟಿಗೆಯಲ್ಲಿ ಅದೇ ಮಾದರಿಯ ಟರ್ಬೋ ಇಲ್ಲದ ಕಾರಿನ ಹೆಡ್ ಬಿದ್ದಿತ್ತು. ಹೊರಗಿನಿಂದ ಎರಡೂ ಅವಳಿ ಜವಳಿ. ಬೋಲ್ಟಿನ ತೂತು ಕೂಡ ಒಂದೇ. ವ್ಯತ್ಯಾಸವೆಲ್ಲ ಒಳಗೆ. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಅದಕ್ಕೇ ಅದಿರುವ ಗಾಡಿಯ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಗುಳಿ ದೊಡ್ಡದು, ವಾಲ್ವ್‌ಗಳು ಹೆಚ್ಚಿನ ಬೆಂಕಿ ತಾಳುವಂಥವು. ಸಾದಾ ಹೆಡ್ಡಿನ ಗುಳಿ ಚಿಕ್ಕದು. ಅದನ್ನು ಟರ್ಬೋ ಎಂಜಿನ್ನಿನ ಮೇಲೆ ಕೂರಿಸಿದರೆ ಊರೊಳಗೆ ಗಾಡಿ ಇನ್ನೂ ಚುರುಕಾಗಿಯೇ ಓಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಒಳಗಿನ ಒತ್ತಡ ಮಿತಿಮೀರಿ ಪಿಸ್ಟನ್ ತೂತಾಗುತ್ತದೆ. ಗಾಡಿ ಉರುಳುವುದಿಲ್ಲ, ಅವನ ಮೈಗೆ ಗೀರೂ ಬೀಳುವುದಿಲ್ಲ, ಎಂಜಿನ್ ಮಾತ್ರ ಗೋತಾ. ಇಷ್ಟು ಲೆಕ್ಕ ಹಾಕಿದ ಮೇಲೆ ಅವಳು ಸಾದಾ ಹೆಡ್ಡನ್ನು ಕೈಗೆತ್ತಿಕೊಂಡಳು. ವರ್ಷಗಳಿಂದ ಇಷ್ಟು ಅಕ್ಕರೆಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ತಮ್ಮ ಅದನ್ನೇ ತನ್ನ ಹೆಡ್ ಎಂದುಕೊಂಡು ತೆಗೆದುಕೊಂಡು ಹೋಗಿ ಕೂರಿಸಿದ. "ಮೊದಲಿಗಿಂತ ಚುರುಕಾಗಿದೆ ಅಕ್ಕ" ಅಂತ ಫೋನ್ ಬೇರೆ ಮಾಡಿದ. ಒಳಗೆ ಏನಿದೆ ಎಂದು ನೋಡುವ ಚಟ ಅವನಿಗೆ ಎಂದೂ ಇರಲಿಲ್ಲ.

ರೇಸಿನ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವಳು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಎಂಜಿನ್ ಸಿಡಿದರೆ ಅವನು ಏನನ್ನುತ್ತಾನೆ? ಹೆಡ್ ಅಕ್ಕನ ಕೆಲಸ ಅನ್ನುತ್ತಾನೆ. ಅವನ ಹಳೆಯ ಸುಳ್ಳಿಗೆ ಅವಳೇ ಕೈಯಾರೆ ಸಾಕ್ಷಿ ಒದಗಿಸಿದ ಹಾಗಾಯಿತು. ಸಿಟ್ಟಿನಲ್ಲಿ ಬುದ್ಧಿ ಮಂಕಾದದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತ ಅವಳು ಗುಡ್ಡದ ಬುಡಕ್ಕೆ ಓಡಿದಳು. ತಮ್ಮನನ್ನು ಉಳಿಸಲು ಅಲ್ಲ, ತನ್ನ ಹೆಸರು ಉಳಿಸಿಕೊಳ್ಳಲು.

ಅಲ್ಲಿ ಒಂದು ಪದ್ಧತಿ. ಹೊರಡುವ ಮೊದಲು ಪ್ರತಿ ಗಾಡಿಯ ಬಾನೆಟ್ ಎತ್ತಿಸಿ, ಎಂಜಿನ್ ಯಾರು ಕಟ್ಟಿದ್ದು ಎಂದು ಎಲ್ಲರೆದುರು ಕೇಳುತ್ತಾರೆ. ಕಟ್ಟಿದವರು ಕೈ ಎತ್ತಿ ಒಪ್ಪಿಕೊಳ್ಳಬೇಕು. ಬಾವುಟ ಹಿಡಿದ ಹಿರಿಯ ಗ್ಯಾರೇಜ್ ಮೇಸ್ತ್ರಿ ಈಗ ತಮ್ಮನ ಗಾಡಿಯ ಮುಂದೆ ನಿಂತಿದ್ದ. ಗ್ಯಾರೇಜಿನವರೆಲ್ಲ ಸುತ್ತುವರಿದಿದ್ದರು. ಅಕ್ಕ ಜನರನ್ನು ಸರಿಸಿಕೊಂಡು ಏದುಸಿರು ಬಿಡುತ್ತ ಮುಂದೆ ಬಂದಳು.

"ನಿಲ್ಸಿ, ಆ ಹೆಡ್ಡು..." ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ತಮ್ಮ ಅವಳನ್ನು ಕಂಡ. ಹೆಸರಿನಲ್ಲಿ ಪಾಲು ಕೇಳಲು ಬಂದಿದ್ದಾಳೆ ಎಂದುಕೊಂಡನೋ ಏನೋ, ಅವಳ ಮಾತು ಮುಗಿಯುವ ಮೊದಲೇ ಕೈ ಎತ್ತಿದ.

"ನಾನೇ ಕಟ್ಟಿದ್ದು. ಹೆಡ್ಡಿಂದ ಹಿಡಿದು ಕೊನೇ ಬೋಲ್ಟಿನವರೆಗೂ ನಂದೇ ಕೈ. ಬೇರೆ ಯಾರೂ ಮುಟ್ಟಿಲ್ಲ."

ಅಕ್ಕ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ದೇವರೇ ಬಂದು ಕೇಳಿದ್ದರೂ ಆಮೇಲೆ ಅವಳು ತುಟಿ ಬಿಚ್ಚುತ್ತಿರಲಿಲ್ಲ.

ಗಾಡಿ ಗುಂಡಿನ ಹಾಗೆ ಚಿಮ್ಮಿತು. ಜನ ಕೇಕೆ ಹಾಕಿದರು. ಆ ಗದ್ದಲದ ನಡುವೆಯೂ ಎಂಜಿನ್ನಿನೊಳಗಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಅವಳ ಕಿವಿಗೆ ಬಿತ್ತು. ಮೇಲಿನ ತಿರುವಿನಲ್ಲಿ ಹೊಗೆ ಎದ್ದಿತು, ಗಾಡಿ ನಿಂತಿತು. ಅವಳ ಹೊಟ್ಟೆ ತಣ್ಣಗಾಯಿತು.

ಹಗ್ಗ ಕಟ್ಟಿ ಇಳಿಸಿಕೊಂಡು ಬಂದರು. ತಮ್ಮ ಕೆಂಡವಾಗಿದ್ದ. "ಹೆಡ್ ಅಕ್ಕನ ಕೆಲಸ. ಬೇಕಂತಲೇ ಹಾಳು ಮಾಡಿ ಕೊಟ್ಟಿದಾಳೆ" ಎಂದು ಬೆರಳು ತೋರಿಸಿದ. ಅವನ ಜನ್ಮದಲ್ಲಿ ಅಷ್ಟು ನಿಜವಾದ ಮಾತು ಅವನ ಬಾಯಿಂದ ಬಂದಿರಲಾರದು.

ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಈಗ ತಾನೆ ನಂದೇ ಕೈ ಅಂದ್ಯಲ್ಲೋ. ಕೆಟ್ಟ ತಕ್ಷಣ ಅಕ್ಕಂದಾಯ್ತಾ? ಹಂಗಾದ್ರೆ ಅವತ್ತು ಆ ಟ್ಯಾಕ್ಸಿ ವಿಷಯದಲ್ಲೂ ನೀನು ಹೇಳಿದ್ದು ಇಂಥದೇ."

ಯಾರೋ ಕಿಸಕ್ಕೆಂದರು. ಗ್ಯಾರೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಕ್ಕಾ, ನೀನಾದ್ರೂ ನಿಜ ಹೇಳು" ಎಂದ ತಮ್ಮ. ದನಿ ಇಳಿದಿತ್ತು.

"ನಾನೇನು ಹೇಳ್ಲಪ್ಪ? ಬೇರೆ ಯಾರೂ ಮುಟ್ಟಿಲ್ಲ ಅಂತ ನೀನೇ ಹೇಳಿದ್ಯಲ್ಲ."

ಮರುದಿನ ಮೇಸ್ತ್ರಿ ಒಂದು ಹೆಡ್ಡನ್ನು ಹೊತ್ತುಕೊಂಡು ಅವಳ ಬಾಗಿಲಿಗೆ ಬಂದ. ಅವನ ಹಿಂದೆ ಇನ್ನಿಬ್ಬರು ಗ್ಯಾರೇಜಿನವರು.

"ನೀವೇನೂ ಮಾಡದೆ ಇದ್ರೂ ನಿಮ್ಮ ಮೇಲೆ ಅನುಮಾನ ಪಟ್ವಿ. ಮನಸ್ಸಿಗೆ ಹಚ್ಕೋಬೇಡಿ."

ಸ್ವಲ್ಪವಾದರೂ ನಾಚಿಕೆ ಆಗಬಹುದೇನೋ ಎಂದು ಅವಳು ಒಂದು ಕ್ಷಣ ಕಾದಳು. ಆಗಲಿಲ್ಲ.

"ಪರವಾಗಿಲ್ಲ, ಒಳಗಿಡಿ" ಎಂದು ಕೈ ಒರೆಸಿಕೊಂಡು ಎದ್ದಳು.