ಚಿಕ್ಕಮ್ಮ ತಿದ್ದದ ಪುಟ

ಯಾರನ್ನಾದರೂ ಯಾರಾದರೂ ಹೊಗಳಿದ ಕೂಡಲೇ "ಯಾರು ಹೇಳಿದ್ದು?" ಎಂದು ಕೇಳುವುದು ನನ್ನ ಚಿಕ್ಕಮ್ಮನ ಸ್ವಭಾವ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದಕ್ಕೆ ನಮ್ಮ ಮನೆತನದಲ್ಲಿ ಅವಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಎದುರುಮನೆಯ ವಕೀಲರ ಮಗ ಮಹಾಮೇಧಾವಿಯಂತೆ ಎಂದು ನನ್ನ ತಾಯಿ ಅಂದರೆ ಸಾಕು, ಪ್ರಶ್ನೆ ಹಾರಿಬರುತ್ತದೆ. "ಅವರಮ್ಮ" ಎಂಬ ಉತ್ತರ ಬಂದರೆ "ಅವರಮ್ಮನ್ನ ಬಿಟ್ಟು?" ಎಂಬ ಎರಡನೆಯ ಪ್ರಶ್ನೆ ಸಿದ್ಧ. ಅವಳದು ಔಷಧದ ಅಂಗಡಿ. ಜೇಬುಗಳು ಜೋತುಬಿದ್ದ ಬಿಳಿಯ ಕೋಟು ತೊಟ್ಟು, ತಲೆಯನ್ನು ಕಾಲಿಗಿಂತ ಒಂದು ಹೆಜ್ಜೆ ಮುಂದೆ ಚಾಚಿ ಅವಳು ಬೀದಿಯಲ್ಲಿ ನಡೆದುಬರುವುದನ್ನು ಕಂಡರೆ, ಯಾರದೋ ಸುಳ್ಳನ್ನು ಹಿಡಿಯಲು ಹೊರಟಿದ್ದಾಳೆಂದು ಗೊತ್ತಿಲ್ಲದವರೂ ಹೇಳಬಹುದು.

ಹಾಗೆ ಹೊರಟವಳಿಗೆ ಅಂತರ್ಜಾಲದ ಆ ವಿಶ್ವಕೋಶ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ಮಹಾಗ್ರಂಥ ಸಿಕ್ಕಿದ್ದು ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವಂತಾಯಿತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗಲ್ಲಾದ ಪಕ್ಕದ ಗಣಕಯಂತ್ರದ ಮುಂದೆ ಕೂತು, ಒಂದು ಗುಪ್ತನಾಮದಲ್ಲಿ, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡವರ ಕೈಗಳನ್ನು ಮೆಲ್ಲಗೆ ಬೆನ್ನಿನಿಂದ ಇಳಿಸುವುದು ಅವಳ ಕಾಯಕ. ತನ್ನನ್ನು ತಾನೇ 'ದಂತಲೋಕದ ಧ್ರುವತಾರೆ' ಎಂದು ಬಣ್ಣಿಸಿಕೊಂಡಿದ್ದ ದಂತವೈದ್ಯರೊಬ್ಬರು ಅವಳ ಕೈಗೆ ಸಿಕ್ಕು ಸಂಜೆಯೊಳಗೆ ಬರಿಯ ದಂತವೈದ್ಯರಾದರು. ಅಲ್ಲಿಯ ನಿಯಮ ಅವಳಿಗೆ ವೇದವಾಕ್ಯ: ತನ್ನ ಬಗ್ಗೆ ತಾನು ಬರೆಯಕೂಡದು, ತನ್ನವರ ಬಗ್ಗೆಯೂ ಬರೆಯಕೂಡದು, ಹೇಳಲೇಬೇಕಿದ್ದರೆ ನಂಟನ್ನು ಒಪ್ಪಿಕೊಂಡು ಆ ಲೇಖನದ ಬೆನ್ನಿಗೇ ಇರುವ ಚರ್ಚಾಪುಟದಲ್ಲಿ ಹೇಳಿ, ನಿರ್ಣಯವನ್ನು ಪರರಿಗೆ ಬಿಡಬೇಕು.

ಇಂಥವಳನ್ನು ವಿಧಿ ಗಂಟುಹಾಕಿದ್ದು ಒಬ್ಬ ಜಾದೂಗಾರನಿಗೆ! ಚಿಕ್ಕಪ್ಪನ ಕಸುಬೇ ಉತ್ಪ್ರೇಕ್ಷೆ. ನೀರು ಕೇಳುವಾಗಲೂ ಕೈಯನ್ನು ಗಾಳಿಯಲ್ಲಿ ಒಮ್ಮೆ ಸುತ್ತಿಸಿಯೇ ಕೇಳುವವರು ಅವರು. ಈಚೆಗೆ ಆ ಕೈ ನಡುಗತೊಡಗಿ, ಇಸ್ಪೀಟೆಲೆ ಬೆರಳಿನಿಂದ ಜಾರಿ, ಪ್ರದರ್ಶನಗಳು ನಿಂತುಹೋಗಿದ್ದವು. ಜನ ತನ್ನನ್ನು ಮರೆಯುತ್ತಿದ್ದಾರೆ ಎಂಬ ಭಯ ಅವರನ್ನು ಒಳಗೇ ಕೊರೆಯುತ್ತಿತ್ತು, ನಮಗದು ತಿಳಿದಿರಲಿಲ್ಲ.

ತಿಳಿದದ್ದು ಕೆಮ್ಮಿನ ಔಷಧಕ್ಕೆಂದು ನಾನು ಅಂಗಡಿಗೆ ಹೋಗಿದ್ದ ದಿನ. ಚಿಕ್ಕಮ್ಮ ಗಣಕದ ಪರದೆಯನ್ನು ನನ್ನತ್ತ ತಿರುಗಿಸಿದಳು. ಆಗತಾನೇ ಹುಟ್ಟಿದ ಲೇಖನ: 'ವಿಶ್ವವಿಖ್ಯಾತ ಇಂದ್ರಜಾಲ ಸಾಮ್ರಾಟ', ಬರೆದವನು 'ಒಬ್ಬ ಅಭಿಮಾನಿ'. ಪಕ್ಕದಲ್ಲಿ ಚಿತ್ರ, ಚಿಕ್ಕಪ್ಪ ಹುಬ್ಬೇರಿಸಿ ನಿಂತಿದ್ದಾರೆ. ಅವರ ಹಿಂದೆ ಮನೆಯ ಬಾಗಿಲ ಮೊಳೆಗೆ ಏನೋ ಬೆಳ್ಳಗೆ ನೇತಾಡುತ್ತಿದೆ.

"ಇದು ಯಾರ ಕೋಟು, ನೋಡೋ" ಅಂದಳು ಚಿಕ್ಕಮ್ಮ.

ಅಭಿಮಾನಿ ಯಾರೆಂದು ಇನ್ನು ಹೇಳಬೇಕಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಆದರೆ ಅವಳ ಮುಖ ನೋಡಿ ತಡೆದುಕೊಂಡೆ. ಬೇರೆಯವರ ಲೇಖನವಾಗಿದ್ದರೆ ಔಷಧದ ಚೀಟಿ ಹರಿಯುವಷ್ಟು ಹೊತ್ತಿನಲ್ಲಿ ಅದನ್ನು ಸವರಿಬಿಡುತ್ತಿದ್ದಳು. ಇದು ಬಾಯೊಳಗಿನ ಬಿಸಿತುಪ್ಪ. ಗಂಡನನ್ನು ಹೊಗಳುವ ಹಕ್ಕಿಲ್ಲದವಳಿಗೆ ಗಂಡನನ್ನು ಅಳಿಸುವ ಹಕ್ಕಾದರೂ ಎಲ್ಲಿಯದು? ಕಡೆಗೆ ಅವಳು, ವರ್ಷಗಟ್ಟಲೆ ಕಾಪಾಡಿಕೊಂಡಿದ್ದ ಗುಪ್ತನಾಮವನ್ನು ತಾನೇ ಬಯಲುಮಾಡಿ, ಚರ್ಚಾಪುಟದಲ್ಲಿ ಬರೆದಳು: ಈ ಲೇಖನದ ವ್ಯಕ್ತಿ ನನ್ನ ಗಂಡ, ಬರೆದವರೂ ಅವರೇ ಇರಬೇಕು; ನಾನು ಇದನ್ನು ಮುಟ್ಟುವುದಿಲ್ಲ, ದಯವಿಟ್ಟು ಬೇರೆಯವರು ಪರಿಶೀಲಿಸಿ.

ಅಂದು ಸಂಜೆ ಮನೆಯಲ್ಲಿ ಚಿಕ್ಕಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೇಳಿದರು:

"ನಾಳೆ ನಾನು ಹೋದ್ಮೇಲೆ, ಹಿಂಗೊಬ್ಬ ಇದ್ದ ಅನ್ನೋಕೆ ಏನಿರುತ್ತೆ?"

"ನಾನು ಹೇಳ್ತೀನಲ್ಲ."

"ನಿನ್ನ ಮಾತನ್ನ ನಿಮ್ಮ ಆ ವಿಶ್ವಕೋಶ ಒಪ್ಪೋದಿಲ್ವಲ್ಲ."

ಯಾವ ಪ್ರಶ್ನೆಗೂ ಸೋಲದ ಚಿಕ್ಕಮ್ಮ ಎದ್ದು ಒಳಗೆ ಹೋದಳು.

ಮರುದಿನದಿಂದ ಶುರುವಾಯಿತು ನೋಡಿ, ರಣರಂಗ! ಬೇರೆಯವರು ಬರೆದ ಒಂದು ಆಧಾರವೂ ಇಲ್ಲದ ಈ ಲೇಖನವನ್ನು ಉಳಿಸಬೇಕೋ ಅಳಿಸಬೇಕೋ ಎಂದು ಕಂಡರಿಯದ ಊರುಗಳ ಕಂಡರಿಯದ ಜನ ಒಂದು ವಾರ ವಾದಿಸಿದರು. ನಾವು ಮನೆಮಂದಿಯೆಲ್ಲ ಪಂದ್ಯ ನೋಡುವವರಂತೆ ಪರದೆಗೆ ಅಂಟಿಕೊಂಡೆವು. 'ಅಳಿಸಿ' ಎಂದು ಒಬ್ಬರು ಬರೆದರೆ ನನ್ನ ತಾಯಿ ಅವರ ವಂಶಕ್ಕೇ ಶಾಪ ಹಾಕುವಳು, 'ಉಳಿಸಿ' ಎಂದು ಇನ್ನೊಬ್ಬರು ಬರೆದರೆ ಅವರ ಹೊಟ್ಟೆ ತಣ್ಣಗಿರಲಿ ಎನ್ನುವಳು. ಚಿಕ್ಕಮ್ಮ ಮಾತ್ರ ಎಂದಿನಂತೆ ಅಂಗಡಿಗೆ ಹೋಗಿಬರುತ್ತಿದ್ದಳು. ಅಷ್ಟರಲ್ಲಿ ಎಲ್ಲಿಯದೋ ಗ್ರಂಥಪಾಲಕಿಯೊಬ್ಬಳು ಹಳೆಯ ಪತ್ರಿಕೆಯ ವಿಮರ್ಶೆಯೊಂದನ್ನು ಹೆಕ್ಕಿ ತಂದಳು. ಮುಚ್ಚಿದ ಪೆಟ್ಟಿಗೆಯಿಂದ ಸಹಾಯಕಿ ಮಾಯವಾಗಬೇಕಿದ್ದ ಆಟದಲ್ಲಿ ಒಳಗಿನ ಗುಪ್ತ ಚಿಲಕ ಸಿಕ್ಕಿಕೊಂಡಿತಂತೆ. ಬಡಗಿ ಬಂದು ಪೆಟ್ಟಿಗೆ ಒಡೆಯುವವರೆಗೂ ಜಾದೂಗಾರ ತನ್ನ ಸೋಲನ್ನೇ ಹಾಸ್ಯಮಾಡುತ್ತ ಇಡೀ ಸಭೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದನಂತೆ. ಅಂಥ ಮಾತುಗಾರಿಕೆ ರಂಗದ ಮೇಲೆ ಅಪೂರ್ವವೆಂದು ವಿಮರ್ಶಕ ಬರೆದಿದ್ದ.

ಇದನ್ನು ಓದಿ 'ಒಬ್ಬ ಅಭಿಮಾನಿ' ಸುಮ್ಮನಿರಬೇಕೋ ಬೇಡವೋ? ರೋಷದಿಂದ ಉತ್ತರಿಸಿಯೇಬಿಟ್ಟ: "ಆ ಚಿಲಕಕ್ಕೆ ನಾನೇ ಎಣ್ಣೆ ಹಾಕಿದ್ದೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ. ಚರ್ಚಾಪುಟವೆಲ್ಲ ನಗೆಯಲ್ಲಿ ಮುಳುಗಿತು. ಪುಣ್ಯಕ್ಕೆ ಅದು ಕುಹಕದ ನಗೆಯಾಗಿರಲಿಲ್ಲ. ಚಿಕ್ಕಪ್ಪ ಅಲ್ಲಿಯೇ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ ಮೇಲೆ ಜನ ಇನ್ನಷ್ಟು ಉತ್ಸಾಹದಿಂದ ಹುಡುಕಿ, ರಂಗಕಲೆಗಳ ಹಳೆಯ ಪುಸ್ತಕವೊಂದರಲ್ಲಿ ಅವರಿಗೆಂದೇ ಮೀಸಲಾಗಿದ್ದ ಪುಟಗಳನ್ನೂ ಪತ್ತೆಮಾಡಿದರು. ವಾರ ಮುಗಿದ ದಿನ ತೀರ್ಪು ಬಂತು. ಲೇಖನ ಉಳಿಯಿತು! ನನ್ನ ತಾಯಿ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು. 'ವಿಶ್ವವಿಖ್ಯಾತ' ಹೋಗಿತ್ತು, 'ಸಾಮ್ರಾಟ' ಹೋಗಿದ್ದ. ಆ ಪುಟ್ಟ ಲೇಖನದ ನಡುಮಧ್ಯೆ ಒಂದು ಪೆಟ್ಟಿಗೆ, ಸಿಕ್ಕಿಕೊಂಡ ಚಿಲಕ, ನಗುವ ಸಭೆ ಮತ್ತು ಹೆಸರಿಲ್ಲದ ಒಬ್ಬ ಸಹಾಯಕಿ ಉಳಿದಿದ್ದರು.

ಚಿಕ್ಕಪ್ಪ ಅದನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಆ ದಿನ ಪೆಟ್ಟಿಗೆಯೊಳಗೆ ಉಸಿರುಕಟ್ಟಿ ಕಷ್ಟವಾಗಿರಬೇಕಲ್ಲವೇ ಎಂದು, ಮದುವೆಯಾಗಿ ಇಷ್ಟು ಕಾಲಕ್ಕೆ ಮೊದಲ ಬಾರಿ, ಹೆಂಡತಿಯನ್ನು ಕೇಳಿದರು.

"ಚಿಲಕ ಸ್ವಲ್ಪ ಹೊತ್ತಿಗೇ ಬಿಟ್ಕೊಂಡಿತ್ತು" ಅಂದಳು ಚಿಕ್ಕಮ್ಮ. "ನೀವು ಅಷ್ಟು ಚೆನ್ನಾಗಿ ನಗಿಸ್ತಾ ಇದ್ರಿ. ಆಚೆ ಬಂದ್ರೆ ಎಲ್ಲಿ ನಿಲ್ಲಿಸ್ಬಿಡ್ತೀರೋ ಅಂತ ಬಾಯಿಗೆ ಸೆರಗು ಒತ್ಕೊಂಡು ಒಳಗೇ ಕೂತಿದ್ದೆ."

ಚಿಕ್ಕಪ್ಪ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ, ಇದನ್ನೂ ಅಲ್ಲಿ ಸೇರಿಸಬಹುದಲ್ಲ ಎಂದು ಹುಡುಗನಂತೆ ಆಸೆಯಿಂದ ಕೇಳಿದರು.

"ಆಗಲ್ಲ" ಅಂದಳು ಚಿಕ್ಕಮ್ಮ. "ನಾನು ನಿಮ್ಮ ಹೆಂಡ್ತಿ."

ಇಂಥವರ ಜೊತೆ ಬಾಳುವುದು ಸುಲಭವಲ್ಲ. ತಮ್ಮವರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲೆವೆಂಬ ಕಾರಣಕ್ಕೇ ತಮ್ಮವರ ವಿಷಯದಲ್ಲಿ ಬಾಯಿ ಕಟ್ಟಿಕೊಂಡು ಕೂರುವ ಜನ ಇವರು. ಎಂದೂ ನೋಡದ ಊರಿನ, ಎಂದೂ ಕಾಣದ ಮನುಷ್ಯನ ಬಗ್ಗೆ ಯಾರೋ ಬರೆದಿಟ್ಟ ನಾಲ್ಕು ಸಾಲನ್ನು ನಾವು ನಂಬಿ ನಿದ್ದೆಹೋಗುತ್ತೇವಲ್ಲ, ಅದು ಇಂಥವರು ಬರೆಯದೆ ಬಿಟ್ಟದ್ದರ ಬಲದಿಂದ. ಬರೆಯದೆ ಬಿಟ್ಟದ್ದನ್ನು ಅವರು ಲೋಕಕ್ಕೆ ಹೇಳುವುದಿಲ್ಲ. ಮನೆಯಲ್ಲಿ ಹೇಳುತ್ತಾರೆ, ಅದೂ ಯಾರಾದರೂ ಕೇಳಿದರೆ.