ತಲೆ ಹಾರುವ ಡ್ರಮ್ಮರ್

ತಮ್ಮ ಡ್ರಮ್ ಬಾರಿಸುವ ಪಂಕ್ ಬ್ಯಾಂಡಿನ ಹಾಡಿಗೆ ಕಾರ್ಟೂನ್ ವಿಡಿಯೊ ಮಾಡಿಕೊಡಲು ಅಕ್ಕ ಒಪ್ಪಿದಾಗ ಎಲ್ಲರಿಗಿಂತ ಹೆಚ್ಚು ಹೆದರಿದವಳು ಅಮ್ಮ. ಚಿಕ್ಕಂದಿನಲ್ಲಿ ಇವರಿಬ್ಬರೂ ಬಚ್ಚಲುಮನೆ ಬಾಗಿಲಲ್ಲೂ ಒಬ್ಬರಿಗೊಬ್ಬರು ದಾರಿ ಬಿಟ್ಟವರಲ್ಲ.

ಅಕ್ಕನದು ಎಣಿಕೆಯ ಕೆಲಸ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಈ ಹಾಡಿನಲ್ಲಿ ಡ್ರಮ್ಮಿಗೆ ಸೆಕೆಂಡಿಗೆ ಮೂರು ಪೆಟ್ಟು, ಅಂದರೆ ಪೆಟ್ಟಿಗೆ ಎಂಟು ಫ್ರೇಮು. ಚಿತ್ರ ಬರೆಯುವ ಮೊದಲೇ ಒಂದೊಂದು ಪೆಟ್ಟು ಯಾವ ಫ್ರೇಮಿನಲ್ಲಿ ಬೀಳುತ್ತದೆಂದು ಉದ್ದನೆಯ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದು ಅವಳ ಪದ್ಧತಿ. ಮೂರನೇ ಚರಣಕ್ಕೆ ಬಂದಾಗ ಪೆಟ್ಟುಗಳು ಏಳಕ್ಕೇ ಬೀಳತೊಡಗಿದವು, ಕೊನೆಕೊನೆಗೆ ಆರಕ್ಕೆ. ಮೂರು ಸಲ ಅಳೆದಳು. ಅಳತೆ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪಿರುವುದು ಹಾಡೇ ಇರಬೇಕು. ರೆಕಾರ್ಡಿಂಗ್ ಮಾಡಿದವನಿಗೆ ಬರೆದು ಕಳಿಸಿದಳು: ‘ಮೂರನೇ ಚರಣ ಓಡುತ್ತಿದೆ. ಪೆಟ್ಟಿಗೆ ಎಂಟರಂತೆ ಸರಿಪಡಿಸಿ.’ ಅವನು ಕಂಪ್ಯೂಟರಿನಲ್ಲಿ ಸರಿಪಡಿಸಿದ. ಬ್ಯಾಂಡಿನವರನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ದಶಮಾಂಶ ತಿದ್ದುವುದಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಹಾಡಿನ ಹೆಸರು ‘ನಿನ್ನ ತಾಳಕ್ಕೆ ನಾ ಕುಣಿಯಲ್ಲ’.

ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಅದಕ್ಕೆ ಅರ್ಧ ಕಾರಣ ವಿಡಿಯೊದಲ್ಲಿದ್ದ ಡ್ರಮ್ಮರ್: ಕೆದರಿದ ಕೂದಲಿನ ಗೊಂಬೆ. ಕೈ ಬಿದ್ದಾಗಲೆಲ್ಲ ಅದರ ತಲೆ ಹಾರಿ, ಮತ್ತೆ ಬಂದು ಕುತ್ತಿಗೆಯ ಮೇಲೆ ಕೂರುತ್ತಿತ್ತು. ಶೋಗಳಲ್ಲಿ ಜನ ‘ತಲೆ! ತಲೆ!’ ಎಂದು ಕೂಗತೊಡಗಿದರು. ಹಿಂದೆ ದೊಡ್ಡ ಪರದೆಯ ಮೇಲೆ ಗೊಂಬೆ ಎಂಟಕ್ಕೆ ಬಾರಿಸುತ್ತಿತ್ತು, ಮೂರನೇ ಚರಣ ಬಂದದ್ದೇ ತಡ ಮುಂದೆ ಕೂತ ತಮ್ಮ ಓಡುತ್ತಿದ್ದ. ಪೆಟ್ಟು ಬಿದ್ದು ಎಷ್ಟೋ ಹೊತ್ತಾದ ಮೇಲೆ ತಲೆ ಹಾರಿದರೆ ಜನ ನಗದೆ ಏನು ಮಾಡಿಯಾರು? ಎಲ್ಲರೂ ‘ಗಂಟಲು’ ಎಂದೇ ಕರೆಯುವ ಬ್ಯಾಂಡಿನ ಹಾಡುಗಾರ, ಗೊಂಬೆ ಕಾಣುವಂತೆ ತಮ್ಮನ ಮುಂದೆ ಒಂದು ಸಣ್ಣ ಟೀವಿ ಇಡಿಸಿದ. ಒಂದು ತಿಂಗಳು ಅದನ್ನು ನೋಡಿಕೊಂಡೇ ಅಭ್ಯಾಸ ನಡೆಯಿತು. ಆದರೂ ಕೈ ತಪ್ಪುತ್ತಲೇ ಇತ್ತು.

ಗುರುವಾರ ಮಧ್ಯಾಹ್ನ ಅಕ್ಕನ ಮೇಜಿನ ಮುಂದೆ ತಮ್ಮ ಬಂದು ಕುಸಿದು ಕೂತ.

“ಅಕ್ಕ, ನಿನ್ನ ಗೊಂಬೆ ನನ್ನ ಕುರ್ಚಿ ಕಿತ್ಕೊಳ್ತಾ ಇದೆ. ಭಾನುವಾರದ ಶೋದಲ್ಲಿ ಅದಕ್ಕೆ ಹೊಂದಲಿಲ್ಲ ಅಂದ್ರೆ ಬೇರೆಯವನನ್ನ ಹಾಕ್ಕೊಳ್ತಾರಂತೆ.”

“ಗೊಂಬೆ ಏನ್ಮಾಡತ್ತೋ? ಅದು ಲೆಕ್ಕಕ್ಕೆ ಸರಿಯಾಗೇ ಇದೆ.”

“ಅದೇ ಅದರ ರೋಗ. ಆದ್ರೆ ರೆಕಾರ್ಡಿಂಗಲ್ಲಿ ನಾನು ಅಷ್ಟು ನೆಟ್ಟಗೆ ಹೇಗೆ ಬಾರಿಸಿದ್ದೆ ಅಂತ!”

ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹಾಳೆ ತೆಗೆದು ತೋರಿಸಿದಳು. ಏಳುಗಳಿಗೆಲ್ಲ ಕೆಂಪು ಗೀರು, ಆರುಗಳಿಗೆ ಎರಡೆರಡು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ದೋಷ’.

ಅವನು ಗೀರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. “ಇದು ದೋಷ ಅಲ್ಲ ಕಣೇ,” ಅಂದ. “ಇದು ನಾನು.”

ಬೈದಿದ್ದರೆ ಅವಳು ತಿರುಗಿಸಿ ಬೈಯುತ್ತಿದ್ದಳು. ಅವನು ಬೈಯಲಿಲ್ಲ. ಶನಿವಾರ ಸಂಜೆಯೊಳಗೆ ಅವಳು ಒಂದು ಉಪಾಯ ಮಾಡಿ ಮುಗಿಸಿದ್ದಳು: ವಿಡಿಯೊ ಇನ್ನು ತಾನಾಗಿ ಓಡುವುದಿಲ್ಲ. ಅವಳು ಒಂದು ಗುಂಡಿ ಒತ್ತಿದರೆ ಗೊಂಬೆಯ ಕೈ ಒಂದು ಸಲ ಎದ್ದು ಬೀಳುತ್ತದೆ, ತಲೆ ಒಂದು ಸಲ ಹಾರುತ್ತದೆ.

“ನಿನ್ನ ಪೆಟ್ಟು ಕಿವಿಗೆ ಬೀಳೋ ತನಕ ಗುಂಡಿ ಮುಟ್ಟಲ್ಲ. ನೀನು ಹೇಗೆ ಬೇಕಾದ್ರೂ ಓಡು. ನಾನು ಹಿಂದೆ ಬರ್ತೀನಿ.”

“ನೀನು? ನನ್ನ ಹಿಂದೆ?”

“ಆಣೆ.”

ಭಾನುವಾರ ಸಭಾಂಗಣ ತುಂಬಿತ್ತು. ಎರಡು ಚರಣ ಅಡ್ಡಿಯಿಲ್ಲದೆ ಸಾಗಿದವು. ಮೂರನೆಯದು ಶುರುವಾದಾಗ ತಮ್ಮನ ಕಣ್ಣು, ತಿಂಗಳ ಅಭ್ಯಾಸವಲ್ಲವೇ, ತಾನಾಗಿಯೇ ಸಣ್ಣ ಟೀವಿಗೆ ಅಂಟಿಕೊಂಡಿತು. ಗೊಂಬೆಯ ಕೈ ಬೀಳಲಿ ಎಂದು ಅವನು ಕಾದ. ಅವನ ಪೆಟ್ಟು ಬೀಳಲಿ ಎಂದು ಅಕ್ಕ ಕಾದಳು. ಅವನು ತಡೆದಷ್ಟು ಅವಳು ತಡೆದಳು, ಅವಳು ತಡೆದಷ್ಟು ಅವನು. ಏನಾಗುತ್ತಿದೆಯೆಂದು ಅಕ್ಕನಿಗೆ ನಾಲ್ಕನೇ ಪೆಟ್ಟಿಗೇ ಗೊತ್ತಾಯಿತು, ಆದರೆ ಆಣೆ ಇಟ್ಟಾಗಿತ್ತು. ಹುಟ್ಟಿದಾಗಿನಿಂದ ದಾರಿ ಬಿಡದವರು ತುಂಬಿದ ಸಭೆಯಲ್ಲಿ ‘ನೀನು ಮೊದಲು, ಇಲ್ಲ ನೀನು ಮೊದಲು’ ಎಂದು ಉಪಚಾರಕ್ಕೆ ನಿಂತಿದ್ದರು.

ಹಾಡು ಎತ್ತಿನ ಗಾಡಿಯಾಯಿತು. ‘ಕುಣಿಯಲ್ಲ’ ಎಂಬ ಒಂದು ಪದ ಎಳೆಯುವಷ್ಟರಲ್ಲಿ ಹಾಡುಗಾರನ ಕತ್ತಿನ ನರಗಳು ಹಗ್ಗವಾದವು. ಜನ ಮೊದಲು ಮುಖಮುಖ ನೋಡಿಕೊಂಡರು. ಆಮೇಲೆ ಕೈ ಮೇಲೆತ್ತಿ, ಉಸಿರು ಹಿಡಿದು ಕಾಯತೊಡಗಿದರು. ತಲೆ ಹಾರಿದಾಗ ಎದ್ದ ಕೂಗಿಗೆ ಸೂರು ನಡುಗಿತು. ಮೂರನೇ ಚರಣವೊಂದೇ ನಾಲ್ಕು ನಿಮಿಷ ಹಿಡಿಯಿತು.

ಪರದೆಯ ಹಿಂದೆ ಅಕ್ಕ ವೈರು ಸುತ್ತುತ್ತಿದ್ದಳು. ತಮ್ಮನೋ, ಕೋಲುಗಳನ್ನು ಚೀಲಕ್ಕೆ ಹಾಕಿ, ಮನೆಗೆ ಹೊರಟವನ ಹಾಗೆ ನಿಂತಿದ್ದ. ‘ಗಂಟಲು’ ಬೆವರು ಒರೆಸಿಕೊಳ್ಳುತ್ತ ಬಂದು ಅವನ ಭುಜ ಹಿಡಿದ.

“ಲೋ, ಇಂಥದ್ದು ತಲೇಲಿ ಇಟ್ಕೊಂಡು ಒಂದು ತಿಂಗಳು ಬಾಯಿ ಮುಚ್ಕೊಂಡಿದ್ದೆಯಲ್ಲೋ! ಎಂಥಾ ಧೈರ್ಯ ಕಣೋ ನಿಂದು! ಬೇರೆಯವನ ಮಾತು ಬಿಟ್ಬಿಡು. ಇನ್ಮೇಲೆ ಎಲ್ಲಾ ಶೋದಲ್ಲೂ ಇಷ್ಟೇ ನಿಧಾನ. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಆಗ್ಬಾರ್ದು.” ಅಕ್ಕನ ಕಡೆ ತಿರುಗಿದ. “ಒಂದೊಂದು ಪೆಟ್ಟು ಎಷ್ಟೆಷ್ಟಕ್ಕೆ ಬಿತ್ತು ಅಂತ ನೀವು ಲೆಕ್ಕ ಇಟ್ಟಿರ್ತೀರಲ್ಲ?”

ಲೆಕ್ಕ ಅವಳ ಚೀಲದಲ್ಲಿದ್ದ ಕಂಪ್ಯೂಟರಿನಲ್ಲಿತ್ತು, ಪ್ರತಿ ಒತ್ತೂ ನಮೂದಾಗಿತ್ತು. ಕೊನೆಯ ಪೆಟ್ಟು ತೊಂಬತ್ತೊಂದಕ್ಕೆ. ತಮ್ಮ ಅವಳನ್ನೇ ನೋಡುತ್ತಿದ್ದ.

“ಇಲ್ಲ,” ಅಂದಳು ಅಕ್ಕ. “ಎಣಿಸಲಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ಬಾರಿಸುತ್ತ ಕೂತ ತಮ್ಮ. ಎಂಟು. ಏಳು. ಆರು. ಎರಡನೇ ಸ್ಟಾಪು ದಾಟುವಷ್ಟರಲ್ಲಿ ಐದೂವರೆ. ಅಕ್ಕ ಕಿಟಕಿಯಾಚೆ ನೋಡುತ್ತ, ಅವನ ಪೆಟ್ಟಿನ ಹಿಂದೆಯೇ ಪಾದ ಕುಟ್ಟುತ್ತ ಕೂತಳು.