ಪಂಚಮಿಗೆ ಗೋಕರ್ಣ

ಸಿಟ್ಟು ಬರಲು ಲಿಂಗರಾಜನಿಗೆ ಕಾರಣ ಬೇಕಿರಲಿಲ್ಲ. ಈ ಸಲ ಮಾತ್ರ ಕಾರಣ ಇತ್ತು.

ಹೈದರಾಬಾದಿನ ಒಬ್ಬ ಮೇಡಮ್ಮನನ್ನು ತನ್ನ ಬಾಡಿಗೆ ಕಾರಿನಲ್ಲಿ ಗೋಕರ್ಣಕ್ಕೆ ಬಿಟ್ಟು, ವಾರ ಕಳೆದ ಮೇಲೆ ವಾಪಸ್ ಕರೆತಂದಿದ್ದ. ಹೋಗುವಾಗ ಆಕೆಯ ಮುಖ ಬಿಸಿಲಿಗೆ ಒಣಹಾಕಿದ ಮೆಣಸಿನಕಾಯಿ, ಬರುವಾಗ ಬೆಣ್ಣೆ. ಎಣ್ಣೆ ಹಚ್ಚಿ ತಿಕ್ಕಿದರಂತೆ, ಗಂಜಿ ಕುಡಿಸಿದರಂತೆ, ಸಮುದ್ರದ ಮುಂದೆ ಕುರ್ಚಿ ಹಾಕಿ ಕೂರಿಸಿದರಂತೆ. ಅದಕ್ಕೆ 'ವೆಲ್‌ನೆಸ್' ಅಂತ ಹೆಸರಂತೆ. ಅಷ್ಟು ಸುಸ್ತು ಯಾಕಾಗಿತ್ತು ಅಂತ ಕೇಳಿದರೆ, "ಆಫೀಸಲ್ಲಿ ಕೂತೂ ಕೂತೂ" ಅಂದಳು.

ಕೂತು ಸುಸ್ತಾದವರನ್ನು ಮತ್ತೆ ಕೂರಿಸುವುದೇ ಔಷಧ! ಲಿಂಗರಾಜ ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟ. ಹಾಗಾದರೆ ನಮ್ಮಕ್ಕನಿಗೆ ಏನು ಮಾಡಬೇಕು?

ಅಕ್ಕ ಶಿವಕಾಂತಾ ತಾಂಡೂರಿನ ಸೊಸೆ. ಗಂಡ ಆನಂದಕುಮಾರನದು ತೊಗರಿಬೇಳೆ ಗಿರಣಿ. ಮನೆ ತುಂಬ ಜನ, ಅದರ ಮೇಲೆ ಗಿರಣಿ ಆಳುಗಳ ಊಟ. ಎರಡು ಹೊತ್ತೂ ಜೋಳದ ರೊಟ್ಟಿ ಬಡಿದೂ ಬಡಿದೂ ಆಕೆಯ ಬಲಭುಜ ಹಿಡಿದುಕೊಂಡಿತ್ತು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಹೀಗೇ ಬಿಟ್ಟರೆ ಕೈ ಪೂರ್ತಿ ಬಿಗಿದುಹೋಗುತ್ತದೆ, ರೆಸ್ಟ್ ಕೊಡಿ ಅಂದಿದ್ದರು ಡಾಕ್ಟರು. ಮನೆಯವರೇನು ಕಟುಕರಲ್ಲ, ಕೊಟ್ಟರು. ನೆಲದ ಮೇಲೆ ಕೂತು ಬಡಿಯುತ್ತಿದ್ದವಳಿಗೆ ಅಡುಗೆ ಕಟ್ಟೆಯ ಮುಂದೆ ಕೂತು ಬಡಿಯಲು ಒಂದು ಎತ್ತರದ ಸ್ಟೂಲು ತಂದುಕೊಟ್ಟರು.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಲಿಂಗರಾಜನಿಗೆ ಇಷ್ಟು ಗೊತ್ತಿತ್ತು: ಆ ಮನೆಯಲ್ಲಿ ವಿಶ್ರಾಂತಿ ಅಂದರೆ ಯಾರೂ ಕಳಿಸುವುದಿಲ್ಲ, ದೇವರು ಅಂದರೆ ಕಳಿಸುತ್ತಾರೆ. ಗೋಕರ್ಣದಲ್ಲಿ ಸಮುದ್ರವೂ ಇದೆ, ಶಿವನೂ ಇದ್ದಾನೆ. ನೇರ ತಾಂಡೂರಿಗೆ ಹೋಗಿ ಅಕ್ಕನ ಅತ್ತೆ ಪಾರ್ವತಿಬಾಯಿಯ ಮುಂದೆ ಕೂತ.

"ಅತ್ತೀ, ಅಕ್ಕಗ ಗೋಕರ್ಣ ತೋರಿಸ್ಕೊಂಡು ಬರ್ತೀನ್ರಿ. ಶಿವನ ದರ್ಶನ ಆಗ್ತದ."

"ಭಾಳ ಚಲೋ ವಿಚಾರ ಮಾಡಿದಿ ನೋಡಪಾ! ಸಾಯೂದ್ರಾಗ ಒಮ್ಮೆ ಆತ್ಮಲಿಂಗ ನೋಡಬೇಕಂತ ನನಗೂ ಇತ್ತು. ನಾನೂ ಬರ್ತೀನಿ."

ಅಲ್ಲಿಗೆ ಕೆಲಸ ಕೆಟ್ಟಿತು. ಚಹಾ ಮುಗಿಯುವುದರೊಳಗೆ ಆನಂದಕುಮಾರ ಹೊರಟ, ಅವನ ಕಾಕಾನ ಮನೆಯವರು ಹೊರಟರು, ಸಕ್ಕರೆ ಕೇಳಲು ಬಂದಿದ್ದ ಪಕ್ಕದ ಮನೆಯ ಗುಂಡಮ್ಮನೂ ಹೊರಟಳು. ಕಾರು ಸಾಲುವುದಿಲ್ಲ, ಟೆಂಪೋ ಮಾಡು ಅಂದರು.

"ಆ ಕಡಿ ಬರೇ ಅನ್ನಾ ತಿಂತಾರಂತ. ಜ್ವಾಳದ ರೊಟ್ಟಿ ಎಲ್ಲಿ ಸಿಗ್ತದ?" ಅಂದ ಆನಂದಕುಮಾರ. "ಸಿಲಿಂಡರ್, ಹಂಚು, ಹಿಟ್ಟಿನ ಚೀಲ ಹಾಕ್ಕೊಂಡ್ರ ಆತು."

"ಬಡ್ಯಾಕ ಯಾರು?" ಲಿಂಗರಾಜನ ದನಿ ಏರತೊಡಗಿತ್ತು.

"ಶಿವಕಾಂತಾ ಇದ್ದಾಳಲ್ಲ!"

"ಪಾಪ, ಆಕಿ ಭುಜಾ ನೋಯ್ತದ," ಗುಂಡಮ್ಮ ಕನಿಕರದಿಂದ ಅಂದಳು. "ಆ ಸ್ಟೂಲೂ ಟೆಂಪೋದಾಗ ಇಡ್ರಿ."

ಲಿಂಗರಾಜ ಎದ್ದು ನಿಂತ. "ಟೆಂಪೋನೂ ಇಲ್ಲ, ಶಿವನೂ ಇಲ್ಲ! ಘಾಟಿನಾಗ ಗುಡ್ಡ ಕುಸದದ, ರಸ್ತೆ ಬಂದ್!" ಅಂತ ಬಾಯಿಗೆ ಬಂದ ಸುಳ್ಳು ಒದರಿ, ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಹೊರಬಿದ್ದ.

ಶಿವಕಾಂತಾ ಕಾರಿನ ತನಕ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಲಿಂಗ್ಯಾ, ಸಮುದ್ರ ಖರೇನೇ ಅಷ್ಟ ದೊಡ್ಡದದ ಏನೋ?"

"ಹೂಂ."

"ಅದರ ಮುಂದ ಕುಂತ್ರ ಯಾರೂ ಏನೂ ಕೇಳಲ್ಲಾ?"

"ಅದೇ ಹಗಲೂ ರಾತ್ರಿ ಒದರ್ತಿರ್ತದ ಅಕ್ಕಾ. ಯಾರರೆ ಏನರೆ ಕೇಳಿದ್ರೂ ನಿನಗ ಕೇಳ್ಸಲ್ಲ."

ಆಕೆ ನಕ್ಕಳು. ಎಡಗೈಯಿಂದ ಬಲಭುಜ ಹಿಡಿದುಕೊಂಡೇ ಒಳಗೆ ಹೋದಳು.

ತಾನಿರುವ ಜಹೀರಾಬಾದಿಗೆ ವಾಪಸ್ ಹೋಗುವ ದಾರಿಯಲ್ಲಿ, ಪೆದ್ದೆಮುಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿದ. ತಲೆ ಇನ್ನೂ ಕುದಿಯುತ್ತಿತ್ತು. ಎದುರಿನ ಕಿರಾಣಿ ಅಂಗಡಿಯವನು ಹೊಸ ಹಗ್ಗದ ಸಿಂಬೆಗಳನ್ನು ತೂಗುಹಾಕುತ್ತಿದ್ದ. ಜೋಕಾಲಿ ಹಗ್ಗ. ನಾಗರಪಂಚಮಿ ಹತ್ತಿರ ಬಂದಿತ್ತು.

ಲಿಂಗರಾಜನ ಕೈಯಲ್ಲಿ ಚಹಾ ಹಾಗೇ ನಿಂತಿತು.

ಪಂಚಮಿಗೆ ಒಡಹುಟ್ಟಿದವನು ಬಂದು ಕರೆದರೆ ಯಾವ ಅತ್ತೆಯೂ ಇಲ್ಲ ಅನ್ನುವುದಿಲ್ಲ. ತವರಿಗೆ ಬಂದವಳನ್ನು ಒಲೆಯ ಮುಂದೆ ಕೂರಿಸುವ ಹಾಗಿಲ್ಲ. ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು, ಮಲಗಬೇಕು, ಅಷ್ಟೇ. ಎಲ್ಲಕ್ಕಿಂತ ಚಲೋ ಸಂಗತಿ, ಗಂಡನ ಮನೆಯವರು ಟೆಂಪೋ ತುಂಬಿಕೊಂಡು ಹಿಂದೆ ಬರುವಂತಿಲ್ಲ. ಅವ್ವ ತೀರಿಕೊಂಡ ಮೇಲೆ ಅಕ್ಕನನ್ನು ಪಂಚಮಿಗೆ ಯಾರೂ ಕರೆದಿರಲಿಲ್ಲ. ಇನ್ನು ಅವನು ಕರೆಯುತ್ತಾನೆ.

ಅಲ್ಲಿಂದಲೇ ಗೋಕರ್ಣಕ್ಕೆ, ಆ ಮೇಡಮ್ಮ ಇಳಿದುಕೊಂಡಿದ್ದ ಜಾಗಕ್ಕೆ ಫೋನು ಹಚ್ಚಿದ. ಅತ್ತ ಕಡೆ ಒಬ್ಬಳು ಮೆತ್ತಗೆ ಮಾತಾಡಿದಳು.

"ಮಳೆಗಾಲ ಅಲ್ವಾ ಸರ್, ಸಮುದ್ರಕ್ಕೆ ಇಳಿಯೋಕೆ ಬಿಡೋದಿಲ್ಲ."

"ಇಳ್ಯಾಕ ಅಲ್ರಿ, ನೋಡಾಕ."

"ಎಣ್ಣೆ ಚಿಕಿತ್ಸೆಗೆ ಇದೇ ಒಳ್ಳೆ ಕಾಲ. ಯೋಗ ಬೇಕಾ? ಬೆಳಿಗ್ಗೆ ಬೇಗ ಏಳ್ಬೇಕಾಗತ್ತೆ."

"ಬ್ಯಾಡ್ರಿ! ಆಕಿಗಿ ಯಾರೂ ಎಬ್ಬಸಾಂಗಿಲ್ಲ."

"ಊಟದಲ್ಲಿ ಏನಾದ್ರೂ ಬೇಡದ್ದು ಇದೆಯಾ?"

"ರೊಟ್ಟಿ," ಅಂದ ಲಿಂಗರಾಜ. "ರೊಟ್ಟಿ ಆಕಿ ಕಣ್ಣಿಗಿ ಬೀಳಬಾರ್ದು."

ಹಬ್ಬಕ್ಕೆ ಮುಂಚೆ ಬೇಕರಿಯಲ್ಲಿ ಕೊಂಡ ಶೇಂಗಾ ಉಂಡಿ, ಒಂದು ಕುಪ್ಪಸದ ಖಣ ಹಿಡಿದುಕೊಂಡು ಮತ್ತೆ ತಾಂಡೂರಿಗೆ ಹೋದ. ಪಾರ್ವತಿಬಾಯಿ ಉಂಡಿಯನ್ನು ನೋಡಿದಳು, ಅವನನ್ನು ನೋಡಿದಳು.

"ಯಾವ ತವರಿಗಿ ಒಯ್ತಿ? ನಾರಾಯಣಖೇಡದ ಮನಿ ನಿಮ್ಮ ಕಾಕಾನ ಪಾಲಿಗಿ ಹೋಗ್ಯಾದ. ನಿಂದು ಜಹೀರಾಬಾದಿನಾಗ ಒಂದು ಖೋಲಿ. ಅಲ್ಲಿಗಿ ಒಯ್ದು ಆಕಿ ಕಡಿಂದ ನೀನೇ ರೊಟ್ಟಿ ಬಡಿಸ್ಕೊಂಡು ತಿನ್ನಾವ!"

ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು, ಸಿಟ್ಟಿನಲ್ಲಿ ಖರೆ ಮಾತು ಹೊರಬಿತ್ತು.

"ಖೋಲಿಗಿ ಒಯ್ಯಲ್ರಿ, ಗೋಕರ್ಣಕ್ಕ ಒಯ್ತೀನಿ! ನಮ್ಮವ್ವ ಇಲ್ಲ, ಮನಿ ಇಲ್ಲ. ನಾ ಇದ್ದೀನಿ. ನಾ ಎಲ್ಲಿ ಕುಂಡರಸ್ತೀನೋ ಅದೇ ನಮ್ಮಕ್ಕನ ತವರು. ಅಲ್ಲಿ ಭುಜಕ್ಕ ಎಣ್ಣಿ ತಿಕ್ತಾರ, ಗಂಜಿ ಮಾಡಿ ಕೈಯಾಗ ಕೊಡ್ತಾರ. ಪಂಚಮಿಗಿ ಕರಿಯಾಕ ಬಂದೀನಿ. ಕಳಸ್ತೀರೋ ಇಲ್ಲೋ?"

"ಹಂಗಾದ್ರ ಇಲ್ಲಿ ರೊಟ್ಟಿ?" ಆನಂದಕುಮಾರ ಕೇಳಿದ.

"ಸುಮ್ಮ ಕೂಡೋ ನೀ!" ಪಾರ್ವತಿಬಾಯಿ ಮಗನ ಮೇಲೆ ಹರಿಹಾಯ್ದಳು. "ಪಂಚಮಿಗಿ ಕರಿಯಾಕ ಬಂದವಗ ಇಲ್ಲ ಅಂದ ಮನಿ ಅಲ್ಲ ಇದು."

ಅಂದವಳೇ ಮೊಣಕಾಲು ಹಿಡಿದುಕೊಂಡು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದು, ಮುಚ್ಚಿದ ಸದ್ದು. ಹೊರಬಂದಾಗ ಆಕೆಯ ಕೈಯಲ್ಲಿ ಸೀರೆ ಮಡಚಿ ತುಂಬಿದ ಒಂದು ಸಣ್ಣ ಬಟ್ಟೆ ಚೀಲ ಇತ್ತು. ಬಾಗಿಲಲ್ಲೇ ನಿಂತಳು.

"ನಮ್ಮಣ್ಣ ಹೋದ ಮ್ಯಾಲ ನನಗೂ ಯಾರೂ ಕರದಿಲ್ಲ, ಲಿಂಗರಾಜಾ," ಅಂದಳು. ದನಿ ಮೊದಲಿನದಾಗಿರಲಿಲ್ಲ.

ಲಿಂಗರಾಜ ಲೆಕ್ಕ ಹಾಕಿದ. ಅತ್ತೆಯನ್ನೂ ಕರೆದರೆ ಅಕ್ಕನ ವಿಶ್ರಾಂತಿ ಸಮುದ್ರಪಾಲು. ಕರೆಯದಿದ್ದರೆ, ಪಂಚಮಿಯ ಉಂಡಿ ಹಿಡಿದುಕೊಂಡು ಬಂದು ಒಬ್ಬ ಮುದುಕಿಗೆ ಬರಬೇಡ ಅಂದ ಹಾಗೆ. ಬೈಯೋಣವೆಂದರೆ ಬೈಯಲು ಯಾರೂ ಇಲ್ಲ. ಅಕ್ಕನ ಮುಖ ನೋಡಿದ.

ಶಿವಕಾಂತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆಯ ಚೀಲವನ್ನೇ ನೋಡಿದಳು.

"ಅವರಿಗೂ ಕರಿ, ತಮ್ಮಾ. ಬಾಯಿ ತುಂಬ ಕರಿ," ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಆದ್ರ ಒಂದ ಮಾತ್ರಿ. ತವರಾಗ ಅತ್ತಿ ಇರಲ್ಲ, ಸೊಸಿನೂ ಇರಲ್ಲ. ಕರ್ಕೊಂಡು ಬಂದ ಹೆಣ್ಣುಮಕ್ಕಳು ನಾವಿಬ್ಬರೂ. ನನಗ ಚಾ ಕೇಳಾಂಗಿಲ್ರಿ."

ಪಾರ್ವತಿಬಾಯಿ ವಿಚಾರ ಮಾಡಿದಳು. "ಚಾ ಭೀ ಇಲ್ಲಾ?"

"ಚಾ ಭೀ ಇಲ್ರಿ."

"ಆತು ಬಿಡು," ಅಂದಳು ಮುದುಕಿ.

ಮರುದಿನ ಬೆಳಿಗ್ಗೆ ಕಾರು ಹೊರಡುವಾಗ ಆನಂದಕುಮಾರ ರೂಢಿಯಂತೆ ಹಿಟ್ಟಿನ ಚೀಲ, ಹಂಚು ತಂದು ಡಿಕ್ಕಿಯಲ್ಲಿ ಇಟ್ಟ. ಲಿಂಗರಾಜ ಬಾಯಿ ತೆರೆಯುವುದರೊಳಗೆ ಪಾರ್ವತಿಬಾಯಿ ನರಳುತ್ತ ಕಾರಿನಿಂದ ಇಳಿದಳು, ಎರಡನ್ನೂ ಎತ್ತಿ ಮಗನ ಕೈಗೆ ಕೊಟ್ಟಳು.

"ಸ್ಟೂಲ್ ಮ್ಯಾಲ ಕುಂತು ಬಡಿ," ಅಂದಳು. "ಭುಜಾ ನೋಯಲ್ಲ."

ತಾಂಡೂರು ದಾಟಿ ಒಂದಿಷ್ಟು ದೂರ ಹೋಗುವ ಹೊತ್ತಿಗೆ ಮಳೆ ಜಿನುಗುತ್ತಿತ್ತು. "ಶಿವಕಾಂತಾ, ಜರಾ ನೀರಿನ..." ಅಂತ ಶುರು ಮಾಡಿದ ಪಾರ್ವತಿಬಾಯಿ ಅಲ್ಲಿಗೇ ನಿಲ್ಲಿಸಿ, ತಾನೇ ಬಗ್ಗಿ ಬಾಟಲಿ ಹುಡುಕಿಕೊಂಡಳು. ಲಿಂಗರಾಜ ಕನ್ನಡಿಯಲ್ಲಿ ನೋಡಿದ. ಅಕ್ಕನ ಕಣ್ಣು ಮುಚ್ಚಿತ್ತು, ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ಅಷ್ಟರಲ್ಲಿ ಮುಂದೊಂದು ಕಲ್ಲಿನ ಲಾರಿ ದಾರಿ ಬಿಡದೆ ಓಲಾಡತೊಡಗಿತು. ಅಂತೂ ಸಿಟ್ಟಿಗೆ ಒಂದು ಜಾಗ ಸಿಕ್ಕಿತು ಅಂತ ಲಿಂಗರಾಜ ಹಾರನ್ನಿನ ಮೇಲೆ ಕೈ ಇಟ್ಟ. ಹಿಂದಿನಿಂದ ಅವನ ಹೆಗಲಿಗೆ ಬಾಟಲಿಯ ಪೆಟ್ಟು ಬಿತ್ತು.

"ಬಾರಸಬ್ಯಾಡೋ," ಪಾರ್ವತಿಬಾಯಿ ಪಿಸುಗುಟ್ಟಿದಳು. "ಮಲಗ್ಯಾಳ."